ಸ್ವೀಪ್‌ನ ಆಯ್ಕೆ ಮತ್ತು ಸತ್ಯದ ಮುಖಗಳು

ಸ್ಪೀಕರೊಂದನ್ನು ಪರೀಕ್ಷಿಸಲು ಸಿಗ್ನಲ್ ಜನರೇಟರ್ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ 10 ಸೆಕೆಂಡಿನಲ್ಲಿ ಸಾಗಬೇಕು ಎನ್ನೋಣ; ಆವರ್ತನದ ಈ ಪಯಣವೇ ಸ್ವೀಪ್. ಆವರ್ತನ ಸಮವೇಗದಲ್ಲಿ ಏರುವ ಲೀನಿಯರ್ ಸ್ವೀಪ್ ಆಯ್ದರೆ 2,000 ಹರ್ಟ್ಸ್‌ವರೆಗಿನ ಭಾಗ ಸುಮಾರು ಒಂದೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಮನುಷ್ಯರ ಮಾತಿನ ಬಹುಪಾಲು ಶಕ್ತಿ ಇರುವುದು ಅಲ್ಲೇ. ಸಮಾನ ಸಮಯದಲ್ಲಿ ಸಮಾನ ಅನುಪಾತದಿಂದ ಏರುವ ಲಾಗರಿದಮಿಕ್ ಸ್ವೀಪ್ ಅದೇ ಭಾಗಕ್ಕೆ ಸುಮಾರು 6.7 ಸೆಕೆಂಡು ಕೊಡುತ್ತದೆ.

ಹಾಗಾದರೆ ಸ್ಪೀಕರಿನ ನಿಜರೂಪ ಯಾವುದು?

ಜೈನ ದಾರ್ಶನಿಕರ ಅನೇಕಾಂತವಾದ ಇಲ್ಲಿ ನೆರವಿಗೆ ಬರುತ್ತದೆ. ವಸ್ತುವಿಗೆ ಅನಂತ ಧರ್ಮಗಳಿವೆ; ಪ್ರತಿಯೊಂದು ನಯವೂ, ಅಂದರೆ ನೋಟದ ಕೋನವೂ, ಅದರ ಒಂದು ಮುಖವನ್ನು ಎತ್ತಿ ತೋರಿಸುತ್ತದೆ. ಉಳಿದವನ್ನು ಅಲ್ಲಗಳೆದಾಗ ಅದು ದುರ್ನಯವಾಗುತ್ತದೆ. ಕಿವಿ ಸ್ವರಗಳ ಅಂತರವನ್ನು ಅನುಪಾತದಲ್ಲಿ ಗ್ರಹಿಸುವುದರಿಂದ ಲಾಗರಿದಮಿಕ್ ಸ್ವೀಪ್ ಕೇಳುಗನ ನಯ. ಸಮಾನ ಅಂತರದ ಹಾರ್ಮೋನಿಕ್‌ಗಳನ್ನು ಹುಡುಕುವವರಿಗೆ ಲೀನಿಯರ್ ಒಗ್ಗುತ್ತದೆ. ಎರಡೂ ಪ್ರಾಮಾಣಿಕ.

ಹಾಗೆಂದು ಎಲ್ಲ ನೋಟವೂ ಸರಿಯಾಗದು. ಗಡಿಯಾರದ 32,768 ಹರ್ಟ್ಸ್ ಕ್ವಾರ್ಟ್ಜ್ ಹರಳಿನ ಮೇಲೆ ಸ್ವೀಪ್ ಅವಸರದಿಂದ ಹಾದುಹೋದರೆ, ಹರಳು ಪೂರ್ತಿ ಕಂಪಿಸುವ ಮುನ್ನವೇ ಆವರ್ತನ ಮುಂದೆ ಸಾಗಿರುತ್ತದೆ. ಪರದೆಯ ಮೇಲೆ ಶಿಖರ ತಗ್ಗುತ್ತದೆ, ಅದರ ಜಾಗವೂ ಸರಿಯುತ್ತದೆ. ಇದು ನಯವಲ್ಲ, ತಪ್ಪು. ಪತ್ತೆಹಚ್ಚುವ ದಾರಿಯೂ ಉಪಕರಣದಲ್ಲೇ ಇದೆ: ವೇಗ ತಗ್ಗಿಸಿ ಮತ್ತೆ ಅಳೆಯುವುದು, ಇಲ್ಲವೇ ಸ್ವೀಪ್ ಅನ್ನು ಮೇಲಿನಿಂದ ಕೆಳಕ್ಕೆ ತಿರುಗಿಸುವುದು. ಶಿಖರ ಕದಲಿದರೆ ಮೊದಲ ಅಳತೆಯನ್ನು ಕೈಬಿಡಬೇಕು.