ಹಳೆಯ ದರ

5 ವೋಲ್ಟಿನ ಕಾರ್ಡಿಗೆ 12 ವೋಲ್ಟಿನ ಅಡಾಪ್ಟರ್ ಚುಚ್ಚಿದರೂ ತಕರಾರಿಲ್ಲದೆ ಕೂತುಬಿಡುತ್ತದೆ. ಎಷ್ಟೋ ಅಡಾಪ್ಟರುಗಳ ಪಿನ್ನು ಒಂದೇ ಅಳತೆ. ಹೋಟೆಲಿನ ಬಾಗಿಲ ಮೇಲೆ ಕೆಂಪಕ್ಷರ ಓಡಿಸುವ ಎಲ್‌ಇಡಿ ಬೋರ್ಡಿನ ಕಂಟ್ರೋಲರ್ ಹೀಗೂ ಸುಟ್ಟುಹೋಗುತ್ತದೆ. ಸುಟ್ಟಿತೆಂದರೆ ಹೊಗೆ ಬರಲೇಬೇಕೆಂದಿಲ್ಲ. ಭೂತಗನ್ನಡಿ ಹಿಡಿದು ನೋಡಿದರೂ ಐಸಿಗಳ ಕರಿಮೈ ನುಣ್ಣಗಿರುತ್ತದೆ, ಮೇಲಿನ ಅಚ್ಚು ಕೂಡ ಮಾಸಿರುವುದಿಲ್ಲ.

ಆಗ ಮಲ್ಟಿಮೀಟರೇ ಗತಿ. ಒಂದು ಮುಳ್ಳು ಗ್ರೌಂಡಿಗೆ, ಇನ್ನೊಂದು 5 ವೋಲ್ಟಿನ ಲೈನಿಗೆ. ಕುಯ್ ಎಂದರೆ ಎಲ್ಲೋ ಶಾರ್ಟಾಗಿದೆ. ಎಲ್ಲಿ? ಆ ಲೈನಿಗೆ ಜೋತುಬಿದ್ದ ಬಿಡಿಭಾಗಗಳು ಒಂದೆರಡಲ್ಲ. ಇದಕ್ಕೆ ನನಗೆ ಇಷ್ಟವಾದ ಉಪಾಯವೆಂದರೆ ಕಾರ್ಡಿನ ಮೇಲೆ ತೆಳ್ಳಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಸವರಿ, ಆ ಲೈನಿಗೆ 1 ವೋಲ್ಟಿನಷ್ಟು ಮಾತ್ರ ಕೊಟ್ಟು ಕಾಯುವುದು. ಶಾರ್ಟಾದ ಐಸಿ ಬಿಸಿಯೇರುತ್ತದೆ, ಅದರ ಬೆನ್ನಿನ ಪಸೆ ಎಲ್ಲಕ್ಕಿಂತ ಮೊದಲು ಆರುತ್ತದೆ. ನೋಡನೋಡುತ್ತ ಒದ್ದೆ ಕಾರ್ಡಿನ ನಡುವೆ ಒಂದು ಒಣ ತುಂಡು ಎದ್ದು ಬರುತ್ತದೆ. ಕಳ್ಳ ತಾನಾಗಿ ಕೈ ಎತ್ತಿದ ಹಾಗೆ.

ಈ ಸಲ ಕೈ ಎತ್ತಿದ್ದು 74ಎಚ್‌ಸಿ245, ಪ್ರೊಸೆಸರಿನ ಸಂಕೇತಗಳಿಗೆ ಬಲ ತುಂಬಿ ಪ್ಯಾನೆಲಿಗೆ ದಾಟಿಸುವ 20 ಕಾಲಿನ ಐಸಿ. ಪಕ್ಕದ ಮೂರು ಕಾಲಿನ 1117 ರೆಗ್ಯುಲೇಟರ್ 12 ವೋಲ್ಟನ್ನೂ ತಡೆದುಕೊಂಡು, ಮುಟ್ಟಲಾಗದಷ್ಟು ಕಾದು, ತನ್ನ ಹಿಂದಿನ ಪ್ರೊಸೆಸರಿಗೆ ಎಂದಿನ 3.3 ವೋಲ್ಟನ್ನೇ ಕೊಟ್ಟಿತ್ತು. 245ಕ್ಕೆ ಆ ಕಾವಲಿರಲಿಲ್ಲ. ಅದು ತಾಳುವ ಗರಿಷ್ಠ ಮಿತಿ 7 ವೋಲ್ಟು.

ಅದನ್ನು ಕಿತ್ತು ಹೊಸದನ್ನು ಬೆಸೆದು ರಿಬ್ಬನ್ ಕೇಬಲ್ ಸಿಕ್ಕಿಸಿದಾಗ ಪ್ಯಾನೆಲಿನ ಬಲತುದಿಯಿಂದ ಹಳೆಯ ಸಾಲು ಹೊರಟಿತು: ಬಿಸಿ ಬಿಸಿ ಇಡ್ಲಿ ವಡೆ ರೂ. 40. ದೀಪ ಹತ್ತಿದ್ದಕ್ಕಿಂತ ನನಗೆ ಬೆರಗು ಹುಟ್ಟಿಸಿದ್ದು ಆ 40. ಕರೆಂಟಿಲ್ಲದೆ ಬಿದ್ದಿದ್ದಷ್ಟೂ ದಿನ ಅದು ಎಲ್ಲಿತ್ತು?

ಫ್ಲ್ಯಾಶ್ ಮೆಮೊರಿಯಲ್ಲಿ, ಸುತ್ತಲೂ ಸಿಲಿಕಾನ್ ಡೈಆಕ್ಸೈಡಿನಂಥ ನಿರೋಧಕ ಪೊರೆಯ ನಡುವೆ ಸೆರೆಯಾದ ಎಲೆಕ್ಟ್ರಾನುಗಳಾಗಿ. ಮರಳು, ಗಾಜು ಎಲ್ಲ ಇದೇ ಕುಲ. ಪೊರೆಯ ದಪ್ಪ ಸುಮಾರು 10 ನ್ಯಾನೋಮೀಟರ್. ತಲೆಗೂದಲು ಇದರ ಸಾವಿರಾರು ಪಟ್ಟು. ಒಳಗಿನವು ತಾವಾಗಿ ಹೊರಬರಲಾರವು. 20 ವರ್ಷ ಇರುತ್ತವೆಂದು ಎಷ್ಟೋ ತಯಾರಕರು ಭರವಸೆ ಬರೆದುಕೊಡುತ್ತಾರೆ. ಅವನ್ನು ಹೊರಗೆಳೆಯುವುದಕ್ಕೆ ಬೇಕಾದದ್ದು ಹೆಚ್ಚಿನ ವೋಲ್ಟೇಜು. ಹೊರಗಿನ 3.3 ಸಾಲದೆಂದು ಚಿಪ್ಪು ತನ್ನೊಳಗೇ ಅದರ ಕೆಲವು ಪಟ್ಟು ಎಬ್ಬಿಸಿಕೊಳ್ಳುತ್ತದೆ. ಆ ಒತ್ತಡದಲ್ಲಿ ಎಲೆಕ್ಟ್ರಾನುಗಳು ಪೊರೆಯನ್ನು ಒಡೆಯುವುದಿಲ್ಲ, ಹತ್ತಿ ದಾಟುವುದೂ ಇಲ್ಲ. ಹಾದುಹೋಗುತ್ತವೆ. ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ಅವು ಲೋಹದಿಂದ ಹೀಗೆ ಹೊರಬೀಳುವ ಲೆಕ್ಕವನ್ನು ಫೌಲರ್ ಮತ್ತು ನಾರ್ಡ್‌ಹೈಮ್ ಕೊಟ್ಟದ್ದು 1928ರಲ್ಲಿ. ಅವುಗಳನ್ನು ಸೆರೆಯಿಟ್ಟು ನೆನಪಾಗಿಸಬಹುದೆಂದು ಬೆಲ್ ಲ್ಯಾಬ್ಸಿನ ಡಾವೊನ್ ಕಾಂಗ್ ಮತ್ತು ಸೈಮನ್ ಝೀ ತೋರಿಸಿದ್ದು 1967ರಲ್ಲಿ.

ಇದೇ ಪೊರೆಗೆ ಒಂದೊಂದು ನ್ಯಾನೋಮೀಟರಿಗೆ 1 ವೋಲ್ಟಿನ ಆಸುಪಾಸು ಬಿದ್ದರೆ ತೂತು, ಮತ್ತೆ ಮುಚ್ಚುವಂತಿಲ್ಲ. ಅದಕ್ಕಿಂತ ಅಷ್ಟೇನೂ ಕೆಳಗಲ್ಲದ ಒಂದು ಮಟ್ಟದಲ್ಲಿ ಅಳಿಸುವ ಕೆಲಸ ನಡೆಯುತ್ತದೆ. ಸಾಯಿಸುವುದಕ್ಕೂ ತಿದ್ದುವುದಕ್ಕೂ ನಡುವೆ ಇಷ್ಟು ಕಿರಿದಾದ ಓಣಿ. ಅದರಲ್ಲಿ ಇಡ್ಲಿ ವಡೆಯ ದರ.

ಬೋರ್ಡು ತಂದಿದ್ದ ಹೋಟೆಲಿನವರಿಗೆ ಇದ್ಯಾವುದೂ ಬೇಕಿರಲಿಲ್ಲ. "ಸಾರ್, ರೇಟು 50 ಆಗಿ ಎಷ್ಟೋ ದಿನ ಆಯ್ತು. ಅದನ್ನೂ ಹಂಗೇ ಚೇಂಜ್ ಮಾಡ್ಕೊಟ್ಬಿಡಿ" ಎಂದರು. ಒಂದೇ ಅಂಕಿಯನ್ನು ಒರೆಸುವುದು ಈ ಫ್ಲ್ಯಾಶಿಗೆ ಬಾರದು. 4096 ಬೈಟುಗಳ ತುಂಡನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯಬೇಕು. ಅವರು ಬಾಗಿಲಲ್ಲಿ ನಿಂತಿದ್ದಂತೆಯೇ ಆ ಕೆಲಸ ಮುಗಿಯಿತು. ಚಿಪ್ಪಿನ ಮೇಲೆ ಬೆರಳಿಟ್ಟು ನೋಡಿದೆ. ಬೆಚ್ಚಗೂ ಆಗಿರಲಿಲ್ಲ.