ಕಂಡದ್ದೆಷ್ಟು, ಕೇಳಿದ್ದೆಷ್ಟು

ಹೋದ ದೀಪಾವಳಿಯ ಮುಂಚೆ, ಮಡಕಶಿರದಲ್ಲಿ ನನ್ನ ಕೈಯಲ್ಲಿ ಓದಿದ ವಿದ್ಯಾರ್ಥಿಯೊಬ್ಬ ರಾಯದುರ್ಗದ ನಮ್ಮ ಮನೆಗೆ ಬಂದ. ಅವನಿಗೀಗ ಐವತ್ತು ದಾಟಿದೆ. ಟೈಪು ಮಾಡಿಸಿದ ಕಾಗದವೊಂದನ್ನು ಮುಂದಿಟ್ಟು, "ಸಾರ್, ಇದಕ್ಕೊಂದು ಸಹಿ ಬೇಕು" ಎಂದ.

ಸಂಗತಿ ಇಷ್ಟು. ಅವನ ತಂದೆಯ ಯೆಜ್ದಿ ಮೋಟಾರ್ ಸೈಕಲ್ ಹಿತ್ತಲಿನಲ್ಲಿ ನಿಂತಿತ್ತು. ಅದು 'ರೋಡ್‌ಕಿಂಗ್' ಮಾದರಿ ಮಾರುಕಟ್ಟೆಗೆ ಬರುವ ಮೊದಲೇ, ಮೈಸೂರಿನ ಕಾರ್ಖಾನೆಯಲ್ಲಿ ಪರೀಕ್ಷೆಗಾಗಿ ತಯಾರಾದ ಕೆಲವೇ ಗಾಡಿಗಳಲ್ಲಿ ಒಂದು ಎಂದು ಆ ಮನೆಯವರ ನಂಬಿಕೆ. ಬೆಂಗಳೂರಿನ ಸಂಗ್ರಾಹಕರೊಬ್ಬರು ಭಾರೀ ಬೆಲೆ ಹೇಳಿದ್ದರು. ಆದರೆ ಗೌರವಸ್ಥರೊಬ್ಬರ ಸಾಕ್ಷ್ಯ ಬೇಕೆಂದಿದ್ದರು. "1977ರಲ್ಲಿಯೇ ಈ ವಾಹನವನ್ನು ಮಡಕಶಿರದಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ" ಎಂದು ಕಾಗದದಲ್ಲಿತ್ತು. ಹುಡುಗನ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಶುಲ್ಕದ ಗಡುವು ಹತ್ತಿರವಿತ್ತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ನಮ್ಮ ತಲೆಮಾರಿನವರಿಗೆ ಪರಿಚಯಿಸಬೇಕಾಗಿಲ್ಲ. 1960ರ ದಶಕದ ಆರಂಭದಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಇಲ್ಲಿ ತಯಾರಿಸತೊಡಗಿದರು. 1973ರಿಂದ ಯೆಜ್ದಿ ಎಂಬ ಹೆಸರು ಬಂತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒದೆದು ಚಾಲೂ ಮಾಡುವ ಸನ್ನೆಯೇ ಗೇರಿನ ಸನ್ನೆಯೂ ಆಗುವ ಆ ಚಮತ್ಕಾರವನ್ನು ವಿಜ್ಞಾನದ ತರಗತಿಯಲ್ಲಿ ನಾನೇ ಉದಾಹರಿಸಿದ್ದುಂಟು.

ಇಂಥ ಗಾಡಿಯ ಸಾಚಾತನ ತಿಳಿಯುವುದು ಹೇಗೆ? ಬಲ್ಲವರು ಮೊದಲು ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪುಸ್ತಕದೊಡನೆ ತಾಳೆ ನೋಡುತ್ತಾರೆ. ಪ್ರಾಯೋಗಿಕ ಗಾಡಿಗಳಲ್ಲಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಒರಟು ಭಾಗಗಳು, ಕೈಯಿಂದ ಬೆಸೆದ ಕೊಂಡಿಗಳು ಇರುವುದು ಸಹಜ. ಆದರೆ ನಲವತ್ತೈದು ವರ್ಷ ಓಡಿದ ಗಾಡಿಯಲ್ಲಿ ಕೈಬೆಸುಗೆ ಮೈಸೂರಿನದೋ ಹಿಂದೂಪುರದ ವೆಲ್ಡಿಂಗ್ ಅಂಗಡಿಯದೋ ಹೇಳುವವರಾರು? ಭಿಕ್ಷು ನಾಗಸೇನನು ಮಿಲಿಂದರಾಜನಿಗೆ ಕೇಳಿದ ರಥದ ಪ್ರಶ್ನೆ ನೆನಪಾಗುತ್ತದೆ: ಚಕ್ರ ರಥವಲ್ಲ, ಅಚ್ಚು ರಥವಲ್ಲ, ಹಾಗಾದರೆ ರಥ ಯಾವುದು? ಸಂಗ್ರಾಹಕರು ಹೆಚ್ಚಿನ ಹಣ ಕೊಡುತ್ತಿದ್ದುದು ಆ ಕಬ್ಬಿಣದ ಮೊದಲ ದಿನಗಳ ಕಥೆಗೆ. ಕಥೆಯೇ ಸರಕಾದಾಗ ಅದರ ಸತ್ಯವನ್ನು ತೂಗದೆ ಮಾರುವುದು ತಕ್ಕಡಿಯಲ್ಲಿ ಕೈ ಇಟ್ಟಂತೆಯೇ.

ನಮ್ಮ ಸೀಮೆಗೆ ಈ ಪ್ರಶ್ನೆ ಹೊಸತಲ್ಲ. ಮಡಕಶಿರದ ಬಳಿಯ ಹೇಮಾವತಿ, ನೊಳಂಬರ ಹೆಂಜೇರು, ಶಾಸನಗಳ ಊರು. ಗಂಗರ ತಾಮ್ರಪಟಗಳ ವಿಷಯದಲ್ಲಿ ರೈಸ್ ಮತ್ತು ಫ್ಲೀಟ್ ಎಂಬ ವಿದ್ವಾಂಸರ ನಡುವೆ ದೊಡ್ಡ ವಾದವೇ ನಡೆಯಿತು. ರೈಸರು ಪ್ರಕಟಿಸಿದ ಹಲವು ಪಟಗಳನ್ನು ಫ್ಲೀಟರು ಕೂಟಶಾಸನಗಳೆಂದರು. ಲಿಪಿ ಹೇಳಿದ ಕಾಲಕ್ಕಿಂತ ಈಚಿನದು. ಹಾಕಿದ ತಿಥಿಗೆ ವಾರ ಹೊಂದುವುದಿಲ್ಲ. ಇಂಥವು ಅವರು ಒಡ್ಡಿದ ಪರೀಕ್ಷೆಗಳು. ಕೂಟಶಾಸನ ಬರೆಸಿದವನೆಲ್ಲ ಕಳ್ಳನೆಂದು ನಾನು ಹೇಳಲಾರೆ. ಅಜ್ಜನ ಕಾಲದಿಂದ ಉಂಡ ಹೊಲಕ್ಕೆ ಪತ್ರವಿಲ್ಲವೆಂದು ಹೆದರಿದವನೂ ಅವರಲ್ಲಿ ಇದ್ದಿರಬಹುದು.

ಸಹಿ ಹಾಕಲು ನನಗೆ ಅಳುಕಿರಲಿಲ್ಲ. ಏಕೆಂದರೆ ನನಗೆ ಚೆನ್ನಾಗಿ ನೆನಪಿತ್ತು: ಶಾಲೆಯ ಹುಣಸೆಮರದ ಕೆಳಗೆ ಗಾಡಿ ನಿಂತಿದೆ, ಎರಡು ಹೊಗೆಕೊಳವೆಗಳು ಬಿಸಿಲಿಗೆ ಹೊಳೆಯುತ್ತಿವೆ, ಅವನ ತಂದೆ "ಮೇಷ್ಟ್ರೇ, ಇದಿನ್ನೂ ಪೇಟೆಗೆ ಬಂದಿಲ್ಲ" ಎನ್ನುತ್ತಿದ್ದಾರೆ. ಆದರೂ ಮುಖ್ಯೋಪಾಧ್ಯಾಯನ ಹಳೆಯ ಚಾಳಿ. ದಿನಾಂಕ ಕಂಡರೆ ದಾಖಲೆ ತೆಗೆಯಬೇಕು. ಪೆಟ್ಟಿಗೆಯಲ್ಲಿದ್ದ ಸೇವಾಪುಸ್ತಕದ ಪ್ರತಿ ತೆಗೆದೆ. ನಾನು ಮಡಕಶಿರದ ಶಾಲೆಗೆ ಸೇರಿದ್ದು ಜೂನ್ 1979ರಲ್ಲಿ. 1977ರಲ್ಲಿ ರಾಯದುರ್ಗದಲ್ಲಿದ್ದೆ.

ಆ ಹೊತ್ತು ನನಗಾದ ನಾಚಿಕೆ ಸಣ್ಣದಲ್ಲ. ಹುಣಸೆಮರ ನಿಜ, ಗಾಡಿ ನಿಜ. "ಕೊಂಡಾಗ ಇದಿನ್ನೂ ಪೇಟೆಗೆ ಬಂದಿರಲಿಲ್ಲ" ಎಂದು ಅವರು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಹತ್ತಾರು ಸಲ ಹೇಳಿ ಹೇಳಿ, ಕೇಳಿದ್ದನ್ನು ಕಂಡದ್ದಾಗಿ ಮಾಡಿಕೊಂಡಿದ್ದೆ. ನನ್ನ ತಿಥಿಗೆ ನನ್ನ ವಾರ ಹೊಂದಲಿಲ್ಲ.

"ಗಾಡಿ ಸುಳ್ಳೇ ಸಾರ್?" ಎಂದ ಅವನು. ಅಲ್ಲ, ಅದು ಅಪ್ಪಟವೇ ಇರಬಹುದು. ಸುಳ್ಳಾಗಿದ್ದದ್ದು ನನ್ನ ಸಾಕ್ಷ್ಯ. "ವರ್ಷ ಬಿಟ್ಟು ಬರೆದುಕೊಡಿ, ಅವರೇ ಅರ್ಥ ಮಾಡಿಕೊಳ್ಳುತ್ತಾರೆ" ಎಂಬುದು ಅವನ ಮುಂದಿನ ಸಲಹೆ. 1872ರ ಕರಾರು ಕಾಯಿದೆಯೂ ಬರಿಯ ಮೌನವನ್ನು ವಂಚನೆ ಎನ್ನುವುದಿಲ್ಲ. ಆದರೆ ಮೌನವೇ ಮಾತಿಗೆ ಸಮನಾಗುವ ಸಂದರ್ಭವನ್ನು ಅದು ಬೇರೆಯಾಗಿ ಎಣಿಸುತ್ತದೆ. ಕೊಳ್ಳುವವರು ತಪ್ಪಾಗಿ ತಿಳಿಯಲೆಂದೇ ಖಾಲಿ ಬಿಟ್ಟ ಜಾಗ ನನಗೆ ಅಂಥ ಮಾತಾಗಿಯೇ ಕಂಡಿತು. "1979ರಿಂದ ಈ ಗಾಡಿಯನ್ನು ಇದೇ ಮನೆಯಲ್ಲಿ ಕಂಡಿದ್ದೇನೆ, ಅದರ ಹಿಂದಿನ ಸಂಗತಿ ಮಾಲೀಕರಿಂದ ಕೇಳಿದ್ದು" ಎಂದು ಸ್ವಹಸ್ತದಲ್ಲಿ ಬರೆದು ಸಹಿ ಮಾಡಿದೆ. ಅವನು ಕಾಗದ ಮಡಿಸಿಕೊಂಡ. ಕಾಫಿ ಮುಟ್ಟಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಫೋನು ಮಾಡಿದ. ಗಾಡಿ ಹೋಯಿತು, ಹೇಳಿದ್ದ ಬೆಲೆಯ ಅರ್ಧವೂ ಬರಲಿಲ್ಲ, ಶುಲ್ಕದ ಎರಡನೆಯ ಕಂತಿಗೆ ಸಾಲ ಕೇಳಿದ್ದಾನಂತೆ. ಪಿಂಚಣಿಯಲ್ಲಿ ಸ್ವಲ್ಪ ಕಳಿಸುತ್ತೇನೆಂದೆ. "ಬೇಡ ಸಾರ್" ಎಂದು, ಮೊಮ್ಮಕ್ಕಳು ಹೇಗಿದ್ದಾರೆಂದು ಕೇಳಿದ.