ತೊಳೆಯೋರು ಯಾರು?

ಮೇ ತಿಂಗಳ ಮಧ್ಯಾಹ್ನ. ವಿಮಾನದ ಬಾಗಿಲು ಹಾಕಿ ಅರ್ಧ ಗಂಟೆ ಆಗಿದೆ, ಆದರೂ ಹೊರಟಿಲ್ಲ. ಸೇಫ್ಟಿ ಕಾರ್ಡನ್ನೇ ಬೀಸಣಿಗೆ ಮಾಡ್ಕೊಂಡು ಗಾಳಿ ಹಾಕ್ಕೊಂಡಿದ್ದೀರಾ? ಆ ಹೊತ್ತಲ್ಲಿ ನೀವು ಬೈಯೋ ಜನರ ಪಟ್ಟಿಯಲ್ಲಿ ನನಗೂ ಒಂದು ಜಾಗ ಇದೆ. ವಿಮಾನದ ಎಸಿ ಒಳಗಿರೋ ಹೀಟ್ ಎಕ್ಸ್‌ಚೇಂಜರ್‌ಗಳ ಡಿಸೈನ್ ನನ್ನ ಕೆಲಸ. ಬೆಂಗಳೂರಿನ ಒಂದು ಆಫೀಸಲ್ಲಿ, ತಣ್ಣಗೆ ಎಸಿ ಹಾಕ್ಕೊಂಡು ಮಾಡ್ತೀನಿ.

ವಿಮಾನದ ಎಸಿ ಮನೆಯ ಎಸಿ ಥರ ಅಲ್ಲ. ಬಹುತೇಕ ಜೆಟ್‌ಗಳಲ್ಲಿ ಕ್ಯಾಬಿನ್ನಿಗೆ ಬೇಕಾದ ಗಾಳಿಯನ್ನ ಇಂಜಿನ್ನಿನ ಕಂಪ್ರೆಸರ್‌ನಿಂದಲೇ ತೆಗೀತಾರೆ. ಒತ್ತಿದ ಗಾಳಿ ಬಿಸಿಯಾಗುತ್ತೆ. ಸೈಕಲ್ ಪಂಪ್ ಹೊಡೆದು ಬುಡ ಮುಟ್ಟಿದವರಿಗೆ ಇದು ಗೊತ್ತು. ಎಸಿ ಹತ್ತಿರ ಬರೋ ಹೊತ್ತಿಗೆ ಅದು ಸುಮಾರು 200 ಡಿಗ್ರಿ ಇರುತ್ತೆ. ಅದನ್ನ ಹೊರಗಿನ ಗಾಳಿಯಿಂದ ತಣಿಸಿ, ಮತ್ತೆ ಒತ್ತಿ, ಮತ್ತೆ ತಣಿಸಿ, ಕೊನೆಗೆ ಒಂದು ಪುಟ್ಟ ಟರ್ಬೈನಿನಲ್ಲಿ ಹಿಗ್ಗಿಸಿದರೆ ಕೊರೆಯೋ ಗಾಳಿ ಸಿಗುತ್ತೆ. 35,000 ಅಡಿ ಎತ್ತರದಲ್ಲಿ ಹೊರಗೆ ಸುಮಾರು ಮೈನಸ್ 54 ಡಿಗ್ರಿ, ಗಾಳಿ ತಾನಾಗೇ ನುಗ್ಗುತ್ತೆ. ಅಲ್ಲಿ ಕೆಲಸ ಸಲೀಸು. ಕಷ್ಟ ಇರೋದು ನೆಲದ ಮೇಲೆ. ಹೊರಗೇ 40 ಡಿಗ್ರಿ, ವಿಮಾನ ನಿಂತಿದೆ, ಫ್ಯಾನ್ ಒಂದೇ ಗಾಳಿ ಎಳೀಬೇಕು. ಅದಕ್ಕೇ ಅನೇಕ ವಿಮಾನಗಳಲ್ಲಿ ಗಾಳಿಯಿಂದ ಹಿಂಡಿ ತೆಗೆದ ನೀರನ್ನೂ ವ್ಯರ್ಥ ಮಾಡದೆ ಎಕ್ಸ್‌ಚೇಂಜರ್ ಮುಂದೆ ಚಿಮುಕಿಸ್ತಾರೆ, ಮಡಕೆಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ.

ಇನ್ನು ಈ 'ದಕ್ಷತೆ' ಅನ್ನೋದರ ಲೆಕ್ಕ. 200 ಡಿಗ್ರಿಯ ಗಾಳಿಯನ್ನ 40 ಡಿಗ್ರಿಯ ಗಾಳಿಯಿಂದ ತಣಿಸಿದರೆ, ಹೆಚ್ಚೆಂದರೆ 160 ಡಿಗ್ರಿ ಇಳಿಸಬಹುದು. 128 ಇಳಿಸಿದರೆ ಶೇ. 80, 144 ಇಳಿಸಿದರೆ ಶೇ. 90. ಎರಡೂ ಗಾಳಿ ಒಂದೇ ಪ್ರಮಾಣದಲ್ಲಿ ಎದುರುಬದುರಾಗಿ ಹರಿಯೋ ಆದರ್ಶ ಸ್ಥಿತಿ ಅಂತಲೇ ಇಟ್ಕೊಳ್ಳಿ. ಆಗಲೂ 80ರಿಂದ 90ಕ್ಕೆ ಹೋಗೋಕೆ ಶಾಖ ದಾಟಿಸೋ ಮೇಲ್ಮೈ ಎರಡೂಕಾಲು ಪಟ್ಟು ಬೇಕು. 90ರಿಂದ 95ಕ್ಕೆ ಮತ್ತೆ ಎರಡು ಪಟ್ಟಿಗಿಂತ ಜಾಸ್ತಿ. ನೂರು ಯಾವತ್ತೂ ಸಿಗಲ್ಲ. ಪೆಟ್ಟಿಗೆ ದೊಡ್ಡದು ಮಾಡೋ ಹಾಗಿಲ್ಲ, ತೂಕ. ಹಾಗಾಗಿ ನಾವು ಒಳಗಿನ ಅಲ್ಯೂಮಿನಿಯಂ ರೆಕ್ಕೆಗಳನ್ನ, ಅಂದರೆ ಫಿನ್‌ಗಳನ್ನ, ಇನ್ನೂ ತೆಳು, ಇನ್ನೂ ಒತ್ತೊತ್ತು ಮಾಡ್ತಾ ಹೋಗ್ತೀವಿ.

ಒಮ್ಮೆ ನಾನೂ ಹಾಗೇ ಮಾಡಿದ್ದೆ. ಫಿನ್ ಅಂತರ ಕಡಿಮೆ ಮಾಡಿ ಶೇಕಡಾ ಎರಡು ಗಿಟ್ಟಿಸಿಕೊಂಡು, ರಿವ್ಯೂ ಮೀಟಿಂಗಲ್ಲಿ ಗ್ರಾಫ್ ತೋರಿಸಿ, ಚಪ್ಪಾಳೆಗೆ ಕಾಯ್ತಾ ನಿಂತಿದ್ದೆ. ವಿಮಾನ ರಿಪೇರಿ ಹ್ಯಾಂಗರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಡಿಸೈನಿಗೆ ಬಂದಿದ್ದ ಹಿರಿಯರೊಬ್ಬರು ಕೇಳಿದರು:

"ಚೆನ್ನಾಗಿದೆ ಕಣಪ್ಪ. ಇದನ್ನ ತೊಳೆಯೋರು ಯಾರು?"

"ಮೇಂಟೆನೆನ್ಸ್‌ನವರು, ಸರ್."

"ಯಾವಾಗ ತೊಳೀತಾರೆ?"

"ಶೆಡ್ಯೂಲ್ ಪ್ರಕಾರ..."

"ಹಗಲೆಲ್ಲ ಪ್ಲೇನು ಹಾರ್ತಿರುತ್ತೆ. ಅಂದ್ರೆ ರಾತ್ರಿ ಎರಡು ಗಂಟೆಗೆ, ಬಗ್ಗಿಕೊಂಡು, ಟಾರ್ಚ್ ಹಿಡ್ಕೊಂಡು. ಅದೂ ನಿನ್ನ ಫಿನ್ ಸಂದಿನಲ್ಲಿ ಧೂಳು ಕೂತು ಗಟ್ಟಿಯಾದಮೇಲೆ."

ನನ್ನ ಹತ್ರ ಉತ್ತರ ಇರಲಿಲ್ಲ. ಎಕ್ಸೆಲ್ ಶೀಟಿನಲ್ಲಿ ತೂಕಕ್ಕೆ, ಇಂಧನಕ್ಕೆ, ದುಡ್ಡಿಗೆ ಒಂದೊಂದು ಕಾಲಮ್ ಇತ್ತು. ಆ ಟಾರ್ಚ್ ಹಿಡಿದವರಿಗೆ ಕಾಲಮ್ಮೇ ಇರಲಿಲ್ಲ. ನಾನು ಹೆಮ್ಮೆಪಟ್ಟ ಶೇಕಡಾ ಎರಡು ಹೊಚ್ಚ ಹೊಸ ಪೆಟ್ಟಿಗೆಯದು. ಒತ್ತೊತ್ತಾಗಿರೋ ಫಿನ್ ಬೇಗ ಕಟ್ಟಿಕೊಳ್ಳುತ್ತೆ. ಕಟ್ಟಿಕೊಂಡಮೇಲೆ ಬೆವರೋದು ಪ್ಯಾಸೆಂಜರ್, ಬೈಸಿಕೊಳ್ಳೋದು ಏರ್‌ಹೋಸ್ಟೆಸ್, ತೊಳೆಯೋದು ಮೆಕ್ಯಾನಿಕ್. ಗ್ರಾಫು ಮಾತ್ರ ನನ್ನದು.

ನಮ್ಮಮ್ಮ ಮಿಕ್ಸಿ ಅಂಗಡಿಗೆ ಹೋದರೆ ಎಷ್ಟು ವ್ಯಾಟ್ ಅಂತ ಕೇಳಲ್ಲ. ಜಾರ್ ತಳಕ್ಕೆ ಕೈ ಹೋಗುತ್ತಾ ಅಂತ ನೋಡ್ತಾಳೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಹೊಳೀದೇ ಇದ್ದದ್ದು ಅವಳಿಗೆ ಹೊಳೆಯೋಕೆ ಕಾರಣ ಸರಳ. ಅವಳ ಮನೆಯಲ್ಲಿ ಕೊಳ್ಳೋರು, ಬಳಸೋರು, ತೊಳೆಯೋರು ಮೂರೂ ಒಬ್ಬರೇ.

ಹಾಗಂತ 'ದಕ್ಷತೆ ಕೆಟ್ಟದ್ದು, ಇದ್ದಷ್ಟೇ ಸಾಕು' ಅಂದುಬಿಡೋದು ಸುಲಭದ ಮಾತು. ಒಂದು ಕಿಲೋ ವಿಮಾನ ಇಂಧನ ಸುಟ್ಟರೆ ಮೂರು ಕಿಲೋಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಇಂಜಿನ್ನಿನಿಂದ ತೆಗೆದ ಗಾಳಿಗೂ, ಹೊರಗಿನಿಂದ ಒಳಗೆ ಎಳೆದ ಗಾಳಿಗೂ, ಹೊತ್ತು ಹಾರೋ ಪ್ರತಿ ಕಿಲೋ ಲೋಹಕ್ಕೂ ಇಂಧನದ ಬೆಲೆ ತೆರಬೇಕು, ಅದೂ ಇಪ್ಪತ್ತು-ಇಪ್ಪತ್ತೈದು ವರ್ಷ. ನಾನು ಉದಾರವಾಗಿ ಪೆಟ್ಟಿಗೆ ದೊಡ್ಡದು ಮಾಡಿದರೆ ಆ ಹೊಗೆ ಬೀಳೋದು ವಿಮಾನವನ್ನೇ ಹತ್ತದವರ ತಲೆ ಮೇಲೂ. ಅವರೂ ಆ ಮೀಟಿಂಗಲ್ಲಿ ಇರಲಿಲ್ಲ. ಮೆಕ್ಯಾನಿಕ್‌ನ ಬೆನ್ನುನೋವು ಒಬ್ಬರದು, ಕಣ್ಣಿಗೆ ಕಾಣುತ್ತೆ. ಹೊಗೆ ಎಲ್ಲರದು, ಕಾಣಲ್ಲ. ಯಾವುದು ಹೆಚ್ಚು ತೂಗುತ್ತೆ? ಇದಕ್ಕೆ ಫಾರ್ಮುಲಾ ನನ್ನ ಹತ್ರ ಇಲ್ಲ.

ಆದರೆ ಒಂದು ಗೊತ್ತಾಯ್ತು. ದಕ್ಷತೆ ಸುಳ್ಳಾಗೋದು ಖರ್ಚನ್ನ ಉಳಿಸದೆ, ಬರೀ ಬೇರೆಯವರ ಹೆಗಲಿಗೆ ದಾಟಿಸಿದಾಗ. ಶಾಖ ಮಾಯವಾಗಲ್ಲ, ಈ ಕಡೆಯಿಂದ ಆ ಕಡೆಗೆ ಹೋಗುತ್ತೆ ಅಷ್ಟೆ. ಶ್ರಮವೂ ಬಹಳ ಸಲ ಹಾಗೇ. ಹತ್ತು ನಿಮಿಷದ ಡೆಲಿವರಿ ಆ್ಯಪ್‌ನಲ್ಲಿ ನನಗೆ ಉಳಿದ ಸಮಯ ಸಿಗ್ನಲ್ ಹಾರಿಸೋ ಹುಡುಗನ ಲೆಕ್ಕಕ್ಕೆ ಬಿದ್ದಿರುತ್ತೆ. ಮೀಟಿಂಗ್ ಮೇಲೆ ಮೀಟಿಂಗ್ ಜೋಡಿಸಿಟ್ಟ ನಮ್ಮ ಕ್ಯಾಲೆಂಡರ್‌ಗಳೂ ಆ ಒತ್ತೊತ್ತು ಫಿನ್‌ಗಳೇ. ಸ್ವಲ್ಪ ಧೂಳು ಕೂತರೆ ಸಾಕು, ಉಸಿರು ಕಟ್ಟುತ್ತೆ.

ಕೊನೆಗೆ ನಾವು ಮಾಡಿದ್ದು ದೊಡ್ಡ ಕ್ರಾಂತಿ ಏನಲ್ಲ. ಧೂಳು ಬರೋ ಕಡೆ ಫಿನ್ ಅಂತರ ಮತ್ತೆ ಸ್ವಲ್ಪ ಹೆಚ್ಚಿಸಿದೆವು. ಬಿಚ್ಚಿ ಹಾಕೋಕೆ ಸುಲಭವಾಗೋ ಹಾಗೆ ಬೋಲ್ಟ್‌ಗಳ ಜಾಗ ಬದಲಿಸಿದೆವು. ಶೀಟಿನಲ್ಲಿ ಎರಡು ಅಂಕಿ ಬರೆಯೋ ರೂಢಿ ಮಾಡ್ಕೊಂಡ್ವಿ: ಹೊಸದಿದ್ದಾಗ ಎಷ್ಟು, ಕೊಳೆಯಾದಮೇಲೆ ಎಷ್ಟು. ನನ್ನ ಶೇಕಡಾ ಎರಡು ಹೋಯ್ತು. ಸ್ವಲ್ಪ ಬೇಜಾರೂ ಆಯ್ತು, ಸುಳ್ಳು ಯಾಕೆ ಹೇಳಲಿ.

ಈಗ ಯಾರಾದರೂ ಏನಾದರೂ ಸುಧಾರಿಸಿದ್ದೀನಿ ಅಂತ ಗ್ರಾಫ್ ತೋರಿಸಿದರೆ, ಬಾಯಿಗೆ ಮೊದಲು ಬರೋದು ಆ ಹಿರಿಯರ ಪ್ರಶ್ನೆಯೇ. ನನ್ನ ಗ್ರಾಫಿಗೂ ಅದನ್ನೇ ಕೇಳ್ಕೋಬೇಕು. ಅದು ಮಾತ್ರ ಇನ್ನೂ ಅಷ್ಟು ಸಲೀಸಾಗಿ ಬರಲ್ಲ.